ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದವಳು

ಆಶಾ ಕಾರ್ಯಕರ್ತೆಯಾಗಿ ಸೇರಿದ ಎರಡು ವರ್ಷಕ್ಕೆ ನನ್ನ ಹೆಸರು ಊರವರ ಬಾಯಿಂದ ಹೊರಟುಹೋಯಿತು. ಹೆಗ್ಗರಣೆಯಿಂದ ಆಚೆಗೆ, ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಇರುವ ಮಜರೆಗಳಲ್ಲಿ ನಾನು ಎಲ್ಲರಿಗೂ ಬರೀ ‘ಆಶಕ್ಕ’. ಅದೇ ನನ್ನ ಹೆಸರು ಎಂದು ನಂಬಿರುವ ಮಕ್ಕಳೂ ಇದ್ದಾರೆ. ಹುಟ್ಟಿದ್ದು ಯಲ್ಲಾಪುರದ ಕಡೆ, ಮದುವೆಯಾಗಿ ಬಂದದ್ದು ಈ ಸಿದ್ದಾಪುರ ಸೀಮೆಗೆ. ಹೆಸರು ಹೋದದ್ದಕ್ಕೆ ನನಗೆ ಬೇಸರವಿರಲಿಲ್ಲ. ಆದರೆ ಒಂದು ಸಲ, ಆ ಹೆಸರಿನಲ್ಲಿ ಬೇರೆ ಯಾರೋ ಓಡಾಡುತ್ತಿದ್ದಾರೆ ಎಂದು ತಿಳಿದಾಗ ಮೈ ತಣ್ಣಗಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಂಕ್ರಾಂತಿ ಕಳೆದು ಬೆಳಿಗ್ಗೆ ಮಂಜು, ಮಧ್ಯಾಹ್ನ ಸುಡುಬಿಸಿಲು ಶುರುವಾದರೆ ನಮ್ಮಲ್ಲಿ ಮನೆಮನೆಗೂ ನೆಗಡಿ, ಕೆಮ್ಮು, ಜ್ವರ. ಬೇರೆ ಕಡೆಯಾದರೆ ಅದನ್ನು ಶೀತಜ್ವರ ಎಂದು ಬಿಟ್ಟುಬಿಡುತ್ತಾರೆ. ನಮ್ಮ ಕಡೆ ಬಿಡುವ ಹಾಗಿಲ್ಲ. ಅದೇ ತಿಂಗಳುಗಳಲ್ಲಿ ಮಂಗನ ಕಾಯಿಲೆಯೂ ಕಾಡಿನಿಂದ ಇಳಿಯುತ್ತದೆ. ಎಲ್ಲೋ ಒಂದು ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ಸಾಕು, ಸೀನಿದವನನ್ನೂ ಜನ ದೂರದಿಂದ ನೋಡುತ್ತಾರೆ.

ಆ ದಿನಗಳಲ್ಲಿ ನಾನು ನನ್ನನ್ನು ಬಹಳ ಜೋಪಾನ ಮಾಡಿಕೊಳ್ಳುತ್ತಿದ್ದೆ. ಕೊರೋನಾ ಕಲಿಸಿದ ಪಾಠ. ಮನೆಯಿಂದ ಹೊರಡುವಾಗ ಮಾಸ್ಕು, ಚೀಲದಲ್ಲಿ ಸೋಪಿನ ತುಂಡು, ಬಿಸಿನೀರಿನ ಥರ್ಮಾಸ್. ಯಾರ ಮನೆಗೆ ಹೋದರೂ ಜಗಲಿಯಲ್ಲೇ ಕೂರುವುದು. ತಿರುಗಿ ಬಂದ ಮೇಲೆ ಹಿತ್ತಿಲ ಬಾಗಿಲಿಂದ ನೇರ ಬಚ್ಚಲಿಗೆ ಹೋಗಿ, ಸೀರೆ ನೆನೆಹಾಕಿ, ಮಿಂದೇ ಒಳಗೆ ಕಾಲಿಡುವುದು. ಉಪ್ಪುನೀರಿನಲ್ಲಿ ಗಂಟಲು ಗಳಗಳಿಸುವುದು. ಅತ್ತೆ ಮಾತ್ರ ಇದನ್ನೆಲ್ಲ ಅಷ್ಟಾಗಿ ನಂಬದೆ ಕಾಳುಮೆಣಸು, ಜೀರಿಗೆ, ದೊಡ್ಡಪತ್ರೆ ಹಾಕಿ ಕುದಿಸಿದ ಕಷಾಯವನ್ನು ಲೋಟಕ್ಕೆ ಬಗ್ಗಿಸಿ ನನ್ನ ಮುಂದಿಡುತ್ತಿದ್ದರು. ಅದನ್ನೂ ಕುಡಿಯುತ್ತಿದ್ದೆ.

ಅಷ್ಟು ಮಾಡಿಯೂ ಆ ವರ್ಷ ಮಲಗಿದೆ. ಒಂದು ಶನಿವಾರ ಕಾಡಿನಾಚೆಯ ಮಜರೆಯೊಂದಕ್ಕೆ ಕಬ್ಬಿಣಾಂಶದ ಮಾತ್ರೆ ಕೊಡಲು ಹೋಗಿದ್ದೆ. ಅಲ್ಲಿರುವುದು ಏಳೇ ಮನೆ. ನಮ್ಮ ಮನೆಯಿಂದ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ. ಅವತ್ತೇ ನನಗೆ ಗಂಟಲು ಸ್ವಲ್ಪ ಕೆರೆಯುತ್ತಿತ್ತು. ಧೂಳಿಗಿರಬೇಕೆಂದು ಅಸಡ್ಡೆ ಮಾಡಿದೆ. ಭಾನುವಾರ ಮೈಕೈ ನೋವು. ಸೋಮವಾರ ಜ್ವರ ನೆತ್ತಿಗೇರಿ ಇಡೀ ದಿನ ಎಲ್ಲಿದ್ದೇನೆಂಬುದು ತಿಳಿಯಲಿಲ್ಲ. ಆ ದಿನದ್ದೆಂದು ನೆನಪಿರುವುದು ಒಂದೇ: ನಾನು ಒಣ ಎಲೆಗಳ ಮೇಲೆ ನಡೆಯುತ್ತಲೇ ಇದ್ದೆ, ಎಲೆಗಳ ಸದ್ದು ಮಾತ್ರ ಇರಲಿಲ್ಲ.

ಎಚ್ಚರವಾದ ಮೇಲೆ ಅತ್ತೆ ಹೇಳಿದರು.

“ಸೋಮವಾರ ನೀ ಎದ್ದು ಹೊರಟಿದ್ಯಲೆ, ಗೊತ್ತಿದ್ಯಾ? ಚೀಲ ಹಾಕ್ಕಂಡು, ಬಾಯಿಗೆ ಕಟ್ಟಿಕಂಡು ಗೇಟಿನ ಹತ್ರ ನಿಂತಿದ್ದೆ. ಎಲ್ಲಿಗೆ ಹೊರಟ್ಯೆ ಅಂತ ಕೇಳಿದ್ರೆ, ‘ಅಲ್ಲಿ ಕರೀತಿದ್ರು, ಹೋಗಿ ಬತ್ತೆ’ ಅಂದೆ. ಕೈ ಹಿಡಿದು ಎಳ್ಕಂಡು ಬಂದೆ.”

ನನಗೆ ಏನೂ ನೆನಪಿರಲಿಲ್ಲ. ಬುಧವಾರಕ್ಕೆ ಜ್ವರ ಬಿಟ್ಟಿತು. ಇನ್ನೆರಡು ದಿನ ಯಾರ ಹತ್ತಿರವೂ ಸುಳಿಯದೆ ಕೋಣೆಯಲ್ಲೇ ಇದ್ದೆ. ಬೇರೆಯವರಿಗೆ ಹೇಳುವುದನ್ನು ನಾನೂ ಮಾಡಬೇಕಲ್ಲ. ಶನಿವಾರ ಬೆಳಿಗ್ಗೆ, ಕಾಲಲ್ಲಿ ಇನ್ನೂ ಪೂರ್ತಿ ಬಲವಿಲ್ಲದಿದ್ದರೂ, ಅದೇ ಏಳು ಮನೆಯ ಕಡೆ ಹೊರಟೆ. ಹೋದ ವಾರ ಗಂಟಲು ಕೆರೆಯುತ್ತಿದ್ದಾಗ ಅಲ್ಲಿ ಹೋಗಿ ಕೂತು ಮಾತಾಡಿದ್ದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮಂಜು ಇನ್ನೂ ಕರಗಿರಲಿಲ್ಲ. ದಿಬ್ಬ ಹತ್ತಿ ಇಳಿದರೆ ಮನೆಗಳು ಕಾಣುತ್ತವೆ. ಇಳಿಯುವಾಗಲೇ ಏನೋ ಸರಿಯಿಲ್ಲ ಅನಿಸಿತು. ಯಾವಾಗಲೂ ನನ್ನನ್ನು ದಾರಿಯಲ್ಲೇ ತಡೆದು ಬೊಗಳುವ ನಾಯಿಗಳು ಅಂಗಳದಲ್ಲಿ ಮಲಗಿದ್ದವು. ತಲೆ ಎತ್ತಿ ನೋಡಿ ಮತ್ತೆ ಮಲಗಿದವು. ಹೊಟ್ಟೆ ತುಂಬಿದ ನಾಯಿಗಳು. ಕೊಟ್ಟಿಗೆಯಲ್ಲಿ ದನಗಳ ಮುಂದೆ ಹುಲ್ಲಿತ್ತು. ಮನುಷ್ಯರ ಸದ್ದೇ ಇಲ್ಲ. ಯಾರೂ ಅಂಗಳ ಗುಡಿಸಿರಲಿಲ್ಲ, ಬಾವಿಯ ಹತ್ತಿರ ಕೊಡ ಇರಲಿಲ್ಲ. ಎಲ್ಲಕ್ಕಿಂತ ನನ್ನನ್ನು ನಿಲ್ಲಿಸಿದ್ದು ಕಿಟಕಿಗಳು. ಅಷ್ಟು ಚಳಿಯಲ್ಲಿ ಸಾಲಿನ ಆರೂ ಮನೆಗಳ ಕಿಟಕಿ ಹಾರು ಹೊಡೆದಿದ್ದವು. ಜ್ವರ ಬಂದರೆ ಸಂದಿಗೊಂದಿಗೂ ಬಟ್ಟೆ ತುರುಕುವ ಜನ ಇವರು. ಮಂಜು ಆ ಕಿಟಕಿಗಳೊಳಗೆ ನಿಧಾನಕ್ಕೆ ನುಗ್ಗುತ್ತಿತ್ತು.

ಮೊದಲ ಮನೆ ಒಬ್ಬ ಅಜ್ಜಿಯದು. ಆಕೆ, ಮಗ, ಸೊಸೆ, ಮೂವರೂ ಒಳಗೆ ಚಾಪೆಯ ಮೇಲೆ ಬೇರೆ ಬೇರೆ ಮೂಲೆಯಲ್ಲಿ ಮಲಗಿದ್ದರು. ಯಾರೋ ಲೆಕ್ಕ ಹಾಕಿ ದೂರ ದೂರ ಮಲಗಿಸಿದ ಹಾಗೆ. ಪ್ರತಿಯೊಬ್ಬರ ತಲೆಯ ಹತ್ತಿರ ಮುಚ್ಚಿಟ್ಟ ನೀರಿನ ಚೊಂಬು.

“ಅಜ್ಜಿ, ಎಂತ ಆತು?” ಎಂದೆ.

“ಹೋದ ವಾರ ಗುರುವಾರ ಎಲ್ರೂ ವಜ್ರಳ್ಳಿಗೆ ಗೃಹಪ್ರವೇಶಕ್ಕೆ ಹೋಗಿದ್ವಲೆ. ಒಂದೇ ಟೆಂಪೋದಲ್ಲಿ. ಬಂದು ಎರಡು ದಿನಕ್ಕೆ ಒಬ್ಬೊಬ್ರೇ ಬಿದ್ವಿ.”

“ಯಾರೂ ನಂಗೆ ಸುದ್ದಿ ಕೊಡ್ಲಿಲ್ವಾ? ಊಟಕ್ಕೆ ಎಂತ ಮಾಡಿದ್ರಿ?”

ಅಜ್ಜಿ ಗೋಡೆಯ ಕಡೆ ಹೊರಳಿದರು. “ನೀನೇ ದಿನಾ ಬಂದು ಗಂಜಿ ಕೊಟ್ಯಲೆ. ಬೆಳಿಗ್ಗೆ ಒಂದ್ಸಲ, ಬೈಗಿಗೆ ಒಂದ್ಸಲ.”

“ನಾನಾ? ನಾ ಇವತ್ತೇ ಬಂದಿದ್ದು ಅಜ್ಜಿ.”

“ನೀನೇ. ಬಾಯಿಗೆ ಬಟ್ಟೆ ಕಟ್ಟಿಕಂಡು. ಮಾತಾಡ್ಲಿಲ್ಲ.”

ಜ್ವರದ ಭ್ರಮೆ ಎಂದುಕೊಂಡು ಹೊರಗೆ ಬಂದೆ. ಬಾಗಿಲ ಪಕ್ಕದ ಗೋಡೆಯ ಮೇಲೆ, ಎದೆಮಟ್ಟದಲ್ಲಿ, ಮೂರು ಬಿಳಿ ಚುಕ್ಕೆಗಳಿದ್ದವು. ಹಬ್ಬಕ್ಕೆ ಗೋಡೆಗೆ ಚಿತ್ತಾರ ಬರೆಯುವ ಶೇಡಿ ಎಂಬ ಬಿಳಿ ಮಣ್ಣು. ಬೆರಳ ತುದಿಯಿಂದ ಇಟ್ಟದ್ದು. ಹೋದ ಶನಿವಾರ ಅವು ಅಲ್ಲಿರಲಿಲ್ಲ.

ಎರಡನೆಯ ಮನೆಯ ಗೋಡೆಗೆ ನಾಲ್ಕು ಚುಕ್ಕೆ. ಒಳಗೆ ಎಣಿಸಿದೆ: ಗಂಡ, ಹೆಂಡತಿ, ಎರಡು ಹೆಣ್ಣುಮಕ್ಕಳು. ನಾಲ್ಕು. ದೊಡ್ಡ ಹುಡುಗಿಗೆ ಎಂಟು ವರ್ಷ. ಅವಳ ಜ್ವರ ಇಳಿದಿತ್ತು. ಕಂಬಳಿ ಹೊದ್ದು ಕೂತು ನನ್ನನ್ನೇ ದಿಟ್ಟಿಸುತ್ತಿದ್ದಳು.

“ಇವತ್ತು ಮಾತಾಡ್ತ್ರಾ ನೀವು?” ಎಂದು ಕೇಳಿದಳು.

“ಯಾಕೆ ಪುಟ್ಟಿ, ನಾ ಯಾವಾಗ್ಲೂ ಮಾತಾಡ್ತೆ.”

“ಇಲ್ಲ. ನೀವು ಬಂದು ಹಣೆ ಮುಟ್ಟಿ ನೋಡ್ತ್ರಿ. ಮಾತಾಡೂದಿಲ್ಲ. ಯಾರು ಅಂತ ಕೇಳ್ಬಾರ್ದು ಅಂತ ಅಮ್ಮ ಹೇಳಿದ್ಳು.” ಹಣೆ ಮುಟ್ಟಿಕೊಂಡು ಹೇಳಿದಳು, “ನಿಮ್ಮ ಕೈ ತಣ್ಣಗಿತ್ತು.”

ಚಾಪೆಯ ಮೇಲಿದ್ದ ತಾಯಿ “ಸುಮ್ನಿರೆ” ಎಂದು ಗದರಿದಳು. ನನ್ನ ಮುಖ ನೋಡಲಿಲ್ಲ.

ಮೂರನೆಯ ಮನೆಯಲ್ಲೂ ಅದೇ ಮಾತು. “ನಿನ್ನೆ ನೀವೇ ಬಂದಿದ್ರಲೆ.” ಅಲ್ಲಿನ ಅಜ್ಜನನ್ನು ಯಾರೋ ಹುಲ್ಲಿನ ಮೂಟೆಗೆ ಒರಗಿಸಿ ಕೂರಿಸಿದ್ದರು. ಬಗಲಿಗೆ ಹಳೆಯ ಸೀರೆ ಸುತ್ತಿಟ್ಟು, ಜಾರದ ಹಾಗೆ. ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ತೊಂಬತ್ತಕ್ಕಿಂತ ಕೆಳಗೆ. ಆ ಮಜರೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ದಿಬ್ಬದ ಮೇಲಿನ ಬಂಡೆಯ ಹತ್ತಿರ ಮಾತ್ರ ಒಂದೆರಡು ಕಡ್ಡಿ ಬರುತ್ತದೆ. ಏದುಸಿರು ಬಿಡುತ್ತ ಓಡಿದೆ. ಆಂಬುಲೆನ್ಸಿಗೆ ಹೇಳಿದೆ, ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳಿದೆ. ಡೇರಿಗೆ ಹಾಲು ಬಾರದಿದ್ದರೂ ಯಾರೂ ವಿಚಾರಿಸಿರಲಿಲ್ಲ. ಎಲ್ಲರೂ ಮತ್ತೆ ವಜ್ರಳ್ಳಿಗೆ ಹೋಗಿರಬೇಕು ಎಂದೇ ಡೇರಿಯವರು ತಿಳಿದಿದ್ದರಂತೆ.

ಆಮೇಲೆ ಗಂಡನಿಗೆ ಫೋನು ಮಾಡಿದೆ. ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ.

“ನಾ ಈ ವಾರ ಮನೆ ಬಿಟ್ಟು ಎಲ್ಲಾದ್ರೂ ಹೋಗಿದ್ನಾ?”

“ಎಂತ ಮಾತಾಡ್ತಿದ್ದೆ? ಬಚ್ಚಲಿಗೆ ಹೋಗೂಕೇ ಗೋಡೆ ಹಿಡ್ಕಳ್ತಿದ್ದೆ.”

“ಸೋಮವಾರ?”

“ಸೋಮವಾರ ನಾ ಶಿರಸಿಗೆ ಹೋಗಿದ್ದೆ. ಅಮ್ಮ ಇದ್ದಿದ್ಳು.”

ಅತ್ತೆ ಮಧ್ಯಾಹ್ನ ಊಟವಾದ ಮೇಲೆ ಎರಡು ತಾಸು ನಿದ್ದೆ ಮಾಡುತ್ತಾರೆ. ಗೇಟಿನ ಹತ್ತಿರ ನನ್ನನ್ನು ಹಿಡಿದಾಗ ನಾನು ಹೊರಟಿದ್ದೆನೋ, ತಿರುಗಿ ಬರುತ್ತಿದ್ದೆನೋ? ಆ ಯೋಚನೆ ಬಂದದ್ದೇ ಬಂಡೆಯ ಮೇಲೆ ಕೂತುಬಿಟ್ಟೆ. ದೆವ್ವದ ಭಯವಲ್ಲ. ನೆತ್ತಿಗೇರಿದ ಜ್ವರ ಹೊತ್ತು, ಎಚ್ಚರವಿಲ್ಲದೆ, ನಾನೇ ಈ ಮನೆಗಳ ಒಳಗೆಲ್ಲ ಓಡಾಡಿ ಮಕ್ಕಳ ಹಣೆ ಮುಟ್ಟಿದ್ದರೆ? ಮಾಸ್ಕಿನ ಒಳಗೆ ನನ್ನ ಉಸಿರು ನನಗೇ ಬೇರೆಯವರದ್ದು ಅನಿಸತೊಡಗಿತು.

ಇಳಿದು ಬಂದು ಉಳಿದ ಮನೆಗಳನ್ನು ನೋಡಿದೆ. ನಾಲ್ಕನೆಯದರಲ್ಲಿ ಐದು ಚುಕ್ಕೆ, ಐದು ಜನ. ಐದನೆಯದರಲ್ಲಿ ಎರಡು. ಆರನೆಯ ಮನೆಯ ಗೋಡೆಗೆ ನಾಲ್ಕು ಚುಕ್ಕೆ ಇಟ್ಟು ಅದರಲ್ಲಿ ಒಂದನ್ನು ಒದ್ದೆ ಬೆರಳಿಂದ ಉಜ್ಜಿ ಅಳಿಸಿದ್ದರು. ಬಾಗಿಲು ದಾಟಲು ಕಾಲು ಬರಲಿಲ್ಲ. ಆಮೇಲೆ ಹಿತ್ತಿಲ ಕಡೆ ಕೆಮ್ಮು ಕೇಳಿತು. ಆ ಮನೆಯ ಯಜಮಾನ ಬಚ್ಚಲ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಮೈ ಕಾಯಿಸಿಕೊಳ್ಳುತ್ತಿದ್ದ. ನಿನ್ನೆಯಿಂದ ಎದ್ದು ಓಡಾಡುತ್ತಿದ್ದಾನಂತೆ. ಗುಣವಾದವರ ಚುಕ್ಕೆ ಅಳಿಸುವುದೆಂದು ಆಗ ತಿಳಿಯಿತು.

ಇನ್ನುಳಿದದ್ದು ಏಳನೆಯ ಮನೆ. ಸಾಲಿನಿಂದ ಸ್ವಲ್ಪ ದೂರ, ಹಲಸಿನ ಮರದ ಆಚೆ. ಅದರ ಕಿಟಕಿ ಮಾತ್ರ ಮುಚ್ಚಿತ್ತು.

ಆ ಮನೆಯಲ್ಲಿ ಒಬ್ಬಳೇ ಹೆಂಗಸು. ಐವತ್ತರ ಹತ್ತಿರ ವಯಸ್ಸು. ಕೊರೋನಾದ ಎರಡನೇ ವರ್ಷ ಆಕೆಯ ಗಂಡ ಹುಬ್ಬಳ್ಳಿಯಿಂದ ಜ್ವರ ಹೊತ್ತು ಬಂದಿದ್ದ. ಊರವರು ಹೆದರಿ ಹಲಸಿನ ಮರದ ಹತ್ತಿರ ದಾರಿಗೆ ಅಡ್ಡ ಮುಳ್ಳು ಹಾಕಿದರು. ಬಾವಿಯ ನೀರೂ ಬಂದ್ ಆಯಿತು. ಆಂಬುಲೆನ್ಸು ಬಂದ ದಿನ ಗಂಡನನ್ನು ಆಕೆಯೊಬ್ಬಳೇ ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತಿದಳು. ಅವನು ಶಿರಸಿಯ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಆಕೆ ತಿರುಗಿ ಬಂದವಳು ಆ ಆರು ಮನೆಗಳವರ ಹತ್ತಿರ ಆವತ್ತಿನಿಂದ ಒಂದು ಮಾತಾಡಿರಲಿಲ್ಲ. ಅವರೂ ಕರೆಯುವ ಧೈರ್ಯ ಮಾಡಿರಲಿಲ್ಲ. ಆಕೆಯ ಬಾಗಿಲಿಗೆ ‘ಈ ಮನೆಗೆ ಯಾರೂ ಬರಬಾರದು’ ಎಂಬ ಕಾಗದ ಅಂಟಿಸಿದವಳು ನಾನು. ಅದು ನನ್ನ ಕೆಲಸವಾಗಿತ್ತು. ಅಂಟಿಸುವಾಗ ಆಕೆ ಕಿಟಕಿಯ ಸರಳು ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಳು.

ಆಕೆಯ ಬಾಗಿಲು ಓರೆಯಾಗಿತ್ತು. ಪಕ್ಕದ ಗೋಡೆಯ ಮೇಲೆ ಒಂದೇ ಒಂದು ಚುಕ್ಕೆ. ಶೇಡಿ ಇನ್ನೂ ಪೂರ್ತಿ ಒಣಗಿರಲಿಲ್ಲ.

ಒಳಗೆ ಹೋದೆ. ಅಡುಗೆಮನೆಯಲ್ಲಿ ಒಲೆ ಆರಿತ್ತು. ಹಬ್ಬದ ಅಡುಗೆ ಮಾಡುವಂಥ ದೊಡ್ಡ ಪಾತ್ರೆಯ ತಳದಲ್ಲಿ ಗಂಜಿ ಹೆಪ್ಪುಗಟ್ಟಿತ್ತು. ಅದರ ಪಕ್ಕದಲ್ಲೇ ಆಕೆ ನೆಲದ ಮೇಲೆ ಮುದುಡಿ ಮಲಗಿದ್ದಳು. ಮುಖಕ್ಕೆ ಕಟ್ಟಿದ ಬಿಳಿ ಬಟ್ಟೆ ಹಾಗೇ ಇತ್ತು. ಮೈ ಮುಟ್ಟಿದರೆ ಕೆಂಡ.

“ಅಕ್ಕಾ, ನಾನು, ಆಶಾ.”

ಕಣ್ಣು ಬಿಟ್ಟು ಬಹಳ ಹೊತ್ತು ನೋಡಿದಳು.

“ನೀ ಬರ್ತೆ ಅಂತ ದಿನಾ ದಿಬ್ಬದ ಕಡೆ ನೋಡ್ದೆ,” ಎಂದಳು. “ಬರ್ಲಿಲ್ಲ.”

“ನಂಗೂ ಜ್ವರ ಬಂದಿತ್ತು ಅಕ್ಕಾ.”

“ಹಾಗನಾ.”

ಬಟ್ಟೆ ಬಿಚ್ಚಿ ನೀರು ಕುಡಿಸಿದೆ, ಮಾತ್ರೆ ಕೊಟ್ಟೆ, ಎತ್ತಿ ಚಾಪೆಗೆ ತಂದೆ. ಕಿಟಕಿ ತೆಗೆದೆ. ಆಮೇಲೆ ಕೇಳಿದೆ, “ಅವ್ರು ನಿಂಗೆ ಮಾಡಿದ್ದು ಗೊತ್ತಿದ್ದೂ…”

“ಸೋಮವಾರ ಒಂದು ಮನೆಯಿಂದನೂ ಹೊಗೆ ಏಳ್ಲಿಲ್ಲ,” ಎಂದಳು. “ಮಂಗಳವಾರನೂ ಏಳ್ಲಿಲ್ಲ. ನಂಗೆ ನೋಡ್ತಾ ಕೂರೂಕೆ ಆಗ್ಲಿಲ್ಲ. ಅವತ್ತಿಂದ ಹೋದೆ.” ಉಸಿರು ತಕ್ಕೊಂಡು ಹೇಳಿದಳು, “ನನ್ನ ಅವ್ರು ಎಂತಕ್ಕೂ ಕರೆಯೂದಿಲ್ಲ. ವಜ್ರಳ್ಳಿಗೂ ಕರೆದಿರ್ಲಿಲ್ಲ. ಅದ್ಕೇ ನಾ ಚೊಲೋ ಇದ್ದೆ.”

“ಕಿಟಕಿ ಎಲ್ಲ ತೆಗೆದಿದ್ದು?”

“ನೀನೇ ಹೇಳಿದ್ಯಲೆ ಆವಾಗ. ಗಾಳಿ ಆಡಬೇಕು, ದೂರ ದೂರ ಮಲಗಬೇಕು ಅಂತ. ಬೇಲಿ ಆಚೆಗೆ ನಿಂತ್ಕಂಡು.”

ನಾನು ತಲೆ ತಗ್ಗಿಸಿದೆ. “ಆ ಕಾಗದ ಅಂಟಿಸಿದ್ದು ತಪ್ಪಾತು ಅಕ್ಕಾ. ಅಂಟಿಸಿ ಹಾಗೇ ಹೋಗ್ಬಾರ್ದಿತ್ತು. ನಾ ಅಲ್ಲಿ ನಿಲ್ಲಬೇಕಿತ್ತು.”

ಆಕೆ ಕಂಬಳಿ ಎಳೆದುಕೊಂಡಳು. “ಅವ್ರಿಗೆ ನಾನು ಅಂತ ಹೇಳ್ಬೇಡ,” ಎಂದಳು. “ನೀನು ಅಂತ ತಿಳ್ಕಂಡಿದ್ರೆ ಹಾಗೇ ಇರ್ಲಿ.”

ಅಜ್ಜನನ್ನು ಆಂಬುಲೆನ್ಸಿನಲ್ಲಿ ಶಿರಸಿಗೆ ಕಳಿಸಿದೆವು. ಮಲಗಿಸಿಬಿಡದೆ ಒರಗಿಸಿ ಕೂರಿಸಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ನನ್ನನ್ನು ಹೊಗಳಿದರು. ನಾನು ಬಾಯಿ ಮುಚ್ಚಿಕೊಂಡೆ. ಮಧ್ಯಾಹ್ನ ಜೀಪಿನಲ್ಲಿ ಬಂದವರು ಎಲ್ಲರ ರಕ್ತ, ಗಂಟಲ ದ್ರವ ತೆಗೆದುಕೊಂಡು ಹೋದರು. ಮಂಗನ ಕಾಯಿಲೆಯಲ್ಲ, ಫ್ಲೂ ಎಂದು ಕೆಲವು ದಿನಗಳ ಮೇಲೆ ಸುದ್ದಿ ಬಂತು. ಗುರುವಾರ ಒಂದೇ ಟೆಂಪೋದಲ್ಲಿ ಹೋಗಿ ಬಂದದ್ದರಿಂದಲೇ ಹಬ್ಬಿರಬೇಕು, ನಾನೂ ಶನಿವಾರ ಅವರಿಂದಲೇ ತಂದಿರಬಹುದು ಎಂದರು ಡಾಕ್ಟರು. ಗಂಟಲು ಅವತ್ತು ಬೆಳಿಗ್ಗೆಯೇ ಕೆರೆಯುತ್ತಿತ್ತು ಎಂದು ನಾನು ಅವರಿಗೆ ಹೇಳಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಆಕೆಯನ್ನು ನೋಡಲು ಹೋದಾಗಲೆಲ್ಲ ಜಗಲಿಯಲ್ಲಿ ಏನಾದರೊಂದು ಇರುತ್ತಿತ್ತು. ಒಂದು ದಿನ ಮುಚ್ಚಿಟ್ಟ ಗಂಜಿ, ಇನ್ನೊಂದು ದಿನ ಹಾಲು, ಮತ್ತೊಂದು ದಿನ ಒಡೆದ ಸೌದೆ. ಇಟ್ಟವರು ಯಾರೆಂದು ಗೊತ್ತಿಲ್ಲ. ಒಂದು ಬೆಳಿಗ್ಗೆ ಮಾತ್ರ ಮಂಜಿನಲ್ಲಿ ಒಬ್ಬರು ಹಲಸಿನ ಮರ ದಾಟಿ ಬರುವುದನ್ನು ಕಂಡೆ. ಮುಖಕ್ಕೆ ಬಟ್ಟೆ, ಕೈಯಲ್ಲಿ ಪಾತ್ರೆ. ಗಂಡೋ ಹೆಣ್ಣೋ ತಿಳಿಯದ ಹಾಗೆ ಕಂಬಳಿ ಹೊದ್ದಿದ್ದರು. ನನ್ನನ್ನು ಕಂಡು ಪಾತ್ರೆ ನೆಲಕ್ಕಿಟ್ಟು ಮಂಜಿನೊಳಗೆ ತಿರುಗಿ ಹೋದರು.

ಎಲ್ಲರೂ ಎದ್ದು ಓಡಾಡುವ ಹಾಗಾದ ಮೇಲೆ ಆ ಆರು ಮನೆಯವರು ಸೇರಿ ನನಗೆ ತೆಂಗಿನಕಾಯಿ, ರವಿಕೆ ಕಣ ಕೊಡಲು ಬಂದರು. ನನಗೆ ತಡೆಯಲಾಗಲಿಲ್ಲ. ಮೊದಲ ಮನೆಯ ಅಜ್ಜಿಯನ್ನು ಪಕ್ಕಕ್ಕೆ ಕರೆದು, “ಇದು ನಂಗೆ ಸಲ್ಲೂದಲ್ಲ ಅಜ್ಜಿ. ಬಂದಿದ್ದು ನಾನಲ್ಲ,” ಎಂದೆ.

“ಗೊತ್ತಿದ್ದು ಮಗಾ,” ಎಂದರು ಅಜ್ಜಿ. “ಮೊದಲ ದಿನವೇ ಗೊತ್ತಾಗಿತ್ತು. ಮೂವತ್ತು ವರ್ಷ ಅವಳ ನಡಿಗೆ ನೋಡಿದವಳು ನಾನು. ಬಟ್ಟೆ ಕಟ್ಟಿದ್ರೆ ಗೊತ್ತಾಗೂದಿಲ್ವಾ?”

“ಮತ್ತೆ ನಾನು ಅಂದ್ರಲೆ?”

“ಅವಳ ಹೆಸ್ರು ಹಿಡಿದು ಕರೆದ್ರೆ ಮರುದಿನ ಬರ್ತಿದ್ಳಾ? ನಾ ಸೊಸೆಗೆ ಹೇಳ್ದೆ, ಆಶಕ್ಕ ಬಂದಿದ್ಳು ಅಂತ ಹೇಳು ಅಂತ. ಆಚೆ ಮನೆಯವ್ರೂ ಹಾಗೇ ಹೇಳಿದ್ರು. ನಾವೇನು ಒಬ್ರಿಗೊಬ್ರು ಹೇಳ್ಕಂಡಿದ್ದಲ್ಲ.” ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮುಳ್ಳು ಹಾಕಿದ್ದು ನನ್ನ ಮಗನೇ. ಯಾವ ಬಾಯಲ್ಲಿ ಅವಳ ಹೆಸ್ರು ಕರೀಲಿ?”

ಹತ್ತು ದಿನಕ್ಕೆ ಶಿರಸಿಯಿಂದ ತಿರುಗಿ ಬಂದ ಅಜ್ಜ ಮಾತ್ರ ಒಂದು ಮಾತು ಹೇಳಿದರು. ಅದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವರ ಜ್ವರ ಏರಿದ್ದು ಸೋಮವಾರ. ಆ ಮಧ್ಯಾಹ್ನ ಬಾಯಿಗೆ ಕಟ್ಟಿಕೊಂಡ ಒಬ್ಬ ಹೆಂಗಸು ಬಂದು ಕಾಲಿನ ಹತ್ತಿರ ಸುಮ್ಮನೆ ಕೂತಿದ್ದಳಂತೆ. ಗಂಜಿ ತಂದಿರಲಿಲ್ಲ, ಹಣೆ ಮುಟ್ಟಲಿಲ್ಲ. ಕೂತು ಎದ್ದು ಹೋದಳು. ನಾನು ಏಳನೆಯ ಮನೆಗೆ ಹೋಗಿ ಕೇಳಿದೆ. “ಸೋಮವಾರ ನಾ ಹೋಗ್ಲಿಲ್ಲ,” ಎಂದಳು ಆಕೆ. “ನಿಂಗೆ ಅವತ್ತೇ ಹೇಳ್ದೆನಲೆ.” ಜ್ವರದಲ್ಲಿ ಅಜ್ಜನಿಗೆ ಏನೇನೋ ಕಂಡಿರಬೇಕು. ಹಾಗೆಂದೇ ಬರೆದುಕೊಂಡೆ. ಆದರೂ ಈಗ ನನಗೆ ಜ್ವರ ಬಂದರೆ, ಹೊರಗಿನಿಂದ ಚಿಲಕ ಹಾಕಿಬಿಡಿ ಎಂದು ಅತ್ತೆಗೆ ಮೊದಲೇ ಹೇಳಿರುತ್ತೇನೆ.

ಈ ವರ್ಷವೂ ಮಂಜಿನ ತಿಂಗಳು ಬಂತು. ನಾನು ಮುಂಚೆಯೇ ಸಿದ್ದಾಪುರಕ್ಕೆ ಹೋಗಿ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡೆ. ಗಂಟಲು ಕೆರೆದರೆ ಯಾರ ಮನೆಗೂ ಹೋಗುವುದಿಲ್ಲ. ಏಳು ಮನೆಯವರೂ ಕಿಟಕಿ ತೆಗೆದೇ ಮಲಗುತ್ತಾರೆ. ಆಕೆ ಮತ್ತು ಅವರ ನಡುವೆ ಮಾತು ಮೊನ್ನೆಯವರೆಗೂ ಶುರುವಾಗಿರಲಿಲ್ಲ. ಹಲಸಿನ ಮರದ ಕೆಳಗೆ ಪಾತ್ರೆಗಳು ಮಾತ್ರ ಅತ್ತ ಇತ್ತ ಓಡಾಡುತ್ತಿದ್ದವು.

ಮೊನ್ನೆ ಹೋದಾಗ ಅಂಗಳದಲ್ಲಿ ಹುಡುಗಿಯರು ಆಡುತ್ತಿದ್ದರು. ನಾಲ್ಕೈದು ಜನ ನೆಲದ ಮೇಲೆ ಸಾಲಾಗಿ, ದೂರ ದೂರ, ಕಣ್ಣು ಮುಚ್ಚಿ ಮಲಗಿದ್ದರು. ಒಬ್ಬಳು ಮುಖಕ್ಕೆ ಟವೆಲು ಕಟ್ಟಿಕೊಂಡು ಸದ್ದಿಲ್ಲದೆ ಬಂದು ಒಬ್ಬೊಬ್ಬರ ಹಣೆ ಮುಟ್ಟಿ ಹೋಗುತ್ತಿದ್ದಳು. ಟವೆಲಿನವಳು ಮಾತಾಡುವ ಹಾಗಿಲ್ಲ. ಮಲಗಿದವರು ಯಾರೆಂದು ಕೇಳುವ ಹಾಗಿಲ್ಲ. ಕೇಳಿದವಳು ಸೋತಳು. ಬೆಳಗಿನ ಮಂಜಿನಲ್ಲಿ, ಅಲುಗದೆ ಬಿದ್ದ ಆ ಪುಟ್ಟ ಮೈಗಳನ್ನು ನೋಡಿ ಅಲ್ಲೇ ನಿಂತೆ. ಆಟಕ್ಕೆ ಎಂತ ಹೆಸರು ಎಂದು ಕೇಳಿದರೆ ಯಾರೂ ಹೇಳಲಿಲ್ಲ.

ಏಳನೆಯ ಮನೆಯ ಜಗಲಿಯಲ್ಲಿ ಆಕೆ ನಿಂತು ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಂಗಳದ ಈಚೆ ದೊಡ್ಡವರು ಕೆಲಸ ನಿಲ್ಲಿಸಿ ಆಕೆಯತ್ತ ನೋಡಿದರು. ಆಗ ಆಕೆ ಒಮ್ಮೆ ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

“ನೆಲ ತಂಡಿ ಅದೆ ಕಾಣ್ರೆ. ಕಂಬ್ಳಿ ಹಾಸ್ಕಂಡು ಮಲಕ್ಕಳಿ.”